ಹೊರಗೆಲ್ಲ ಹೊಳಪು, ಒಳಗೆಲ್ಲ ಉಪ್ಪು

ಫೆಬ್ರುವರಿ ೯

ಭೂಗೋಳದ ಟೀಚರಿಗೆ,

ಇನ್ನು ಮುಂದೆ ನಾವಿಬ್ಬರೂ ಫೋನಿನಲ್ಲಿ ಮಾತಾಡುವುದು ಬೇಡ, ಏನಿದ್ದರೂ ಬರೆದು ತಿಳಿಸಿಕೊಳ್ಳಿ ಎಂದು ನಿನ್ನ ವಕೀಲರೂ ನನ್ನ ವಕೀಲರೂ ಒಂದೇ ಬಾಯಲ್ಲಿ ಹೇಳಿದರು. ಈ ವಿಚ್ಛೇದನದಲ್ಲಿ ಇಬ್ಬರೂ ಒಪ್ಪಿದ ಒಂದೇ ಸಂಗತಿ ಅದು. ಫೋನಿನಲ್ಲಾದರೆ ಬರೀ ಕೂಗಾಟ. ಕಾಗದದಲ್ಲಾದರೆ ಕಾಗುಣಿತವನ್ನಾದರೂ ನೋಡಿಕೊಳ್ಳಬೇಕಾಗುತ್ತದೆ.

ನಿನ್ನ ಹೊಸ ಯಜಮಾನರು, ನಮ್ಮ ಹಲ್ಲು ಡಾಕ್ಟರು, ಹಾಯಿದೋಣಿ ಕೊಂಡ ಸುದ್ದಿ ಬಂತು. ಆಚೆ ದಡದಲ್ಲಿ ನಿಂತು ನೋಡಿಯೂ ಬಂದೆ. ಕಾರ್ಖಾನೆಯಲ್ಲಿ ಅಚ್ಚು ಹಾಕಿ ತೆಗೆದ ಫೈಬರ್ ದೋಣಿ, ಹಾಲಿನಂಥ ಬಿಳುಪು. ಸುಳ್ಳು ಹೇಳಬಾರದು, ಚೆನ್ನಾಗಿದೆ. ಮುಂದೆ ಚೂಪು, ಹಿಂದೆ ಅಗಲ, ತಿರುಗಿಸಲು ಎಡಕ್ಕೊಂದು ಬಲಕ್ಕೊಂದು ಎರಡು ಚಕ್ರ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೇಳದೆ ದೋಣಿ ನಡೆಸಲಿ ಎಂದು ಮಾಡಿರಬೇಕು. ನಮಗೂ ಅಂಥದ್ದೊಂದು ಇದ್ದಿದ್ದರೆ ಸಂಸಾರ ಸಾಗುತ್ತಿತ್ತೋ ಏನೋ.

ಅದಕ್ಕೆ ನಾನು ಹಲ್ಲುಸೆಟ್ಟು ಎಂದು ಹೆಸರಿಟ್ಟಿದ್ದೇನೆ. ಬೆಳ್ಳಗಿದೆ, ನುಣ್ಣಗಿದೆ, ಬೇಕೆಂದರೆ ಬಿಚ್ಚಿಡಬಹುದು. ಬಿಚ್ಚುವುದು ತಮಾಷೆಯಲ್ಲ, ನಿಜ. ದೋಣಿ ಮಗುಚದಂತೆ ಅಡಿಯಿಂದ ಹಿಡಿದಿಡುವ ಭಾರವಿದೆಯಲ್ಲ, ಕೀಲ್, ಅದು ನನ್ನ ಮರದ ದೋಣಿಯಲ್ಲಿ ಮೂಗಿನಿಂದ ಬಾಲದವರೆಗೆ ಮೈಯ ಭಾಗವೇ. ನಿಮ್ಮದರಲ್ಲಿ ಅದು ಹೊಟ್ಟೆಯ ಕೆಳಗೆ ಬೋಲ್ಟು ಬಿಗಿದ ಒಂದು ರೆಕ್ಕೆ. ಹಡಗಿನವರ ಬಾಯಲ್ಲಿ ಅದು ಕೀಲ್, ನಮ್ಮ ಬಾಯಲ್ಲಿ ಕೀಲು. ನನ್ನ ದೋಣಿ ನಿಧಾನ, ನಿಮ್ಮದು ವಿಮಾನ. ಆದರೂ ನಮ್ಮ ಮಗಳು ಮೂರು ವರ್ಷದವಳಿದ್ದಾಗ ‘ಅಜ್ಜಿ’ ಎಂದು ಹೆಸರಿಟ್ಟದ್ದು ನನ್ನದಕ್ಕೇ.

ಅವಳ ಮಾತಿಗೇ ಬರುತ್ತೇನೆ. ಇನ್ನು ಮುಂದೆ ಅವಳು ನಿನ್ನ ಮನೆಯಲ್ಲಿರಬೇಕೋ ನನ್ನ ಮನೆಯಲ್ಲೋ ಎಂಬುದನ್ನು ಆಗಸ್ಟಿನಲ್ಲಿ ಅವಳೇ ಹೇಳಬಹುದು ಎಂದು ಕೋರ್ಟು ಹೇಳಿದೆ. ಅಷ್ಟರೊಳಗೆ, ಪ್ರತಿ ವರ್ಷದಂತೆ, ಇಡೀ ರಜೆಗೆ ಅವಳನ್ನು ಅಜ್ಜಿಯ ಮೇಲೆ ಕಳಿಸಿಕೊಡು.

ನಿನ್ನ ಮಾಜಿ
(ಸದ್ಯಕ್ಕೆ ಯಾರಿಗೂ ಹಾಲಿ ಅಲ್ಲ)


ಮಾರ್ಚ್ ೩

ದೋಣಿ ಬಡಗಿಯವರಿಗೆ,

ಮೊದಲು ನೀನು ಅನ್ನುತ್ತಿದ್ದೆ, ಈಗ ನೀವು ಅನ್ನುತ್ತಿದ್ದೇನೆ. ಬಡ್ತಿ ಸಿಕ್ಕಿತೆಂದು ತಿಳಿಯಬೇಡಿ.

ನಿಮ್ಮ ಹಲ್ಲುಸೆಟ್ಟಿನ ಮಾತನ್ನು ಡಾಕ್ಟರಿಗೆ ಓದಿ ಹೇಳಿದೆ. “ಒಳ್ಳೆ ಹೆಸರು ಕಣೇ, ದೋಣಿ ಮೇಲೆ ಹಾಗೇ ಬರೆಸಿಬಿಡೋಣ” ಎಂದು ನಕ್ಕರು. ನೀವು ಆಡಿದ ಮಾತಿಗೆ ಈ ಮನೆಯಲ್ಲಿ ಒಬ್ಬರು ನಗಬಲ್ಲರು ಎಂಬುದು ನನಗೂ ಹೊಸತು.

ನಿಮ್ಮ ಅಜ್ಜಿಯ ಮೇಲೆ ನಾನು ಒಂಬತ್ತು ವರ್ಷ ಸಂಸಾರ ಮಾಡಿದ್ದೇನೆ. ಒದ್ದೆ ಹಾಸಿಗೆ, ಒದ್ದೆ ಬೆಂಕಿಪೊಟ್ಟಣ, ಒದ್ದೆ ಬ್ರೆಡ್ಡು. ನೆಟ್ಟಗೆ ನಿಂತರೆ ತಲೆಗೆ ತೊಲೆ, ಬಾಗಿ ನಡೆದರೆ ಸೊಂಟಕ್ಕೆ ಮೇಜು. ಬಂದರಿನೊಳಗೆ ಹಿಂದಕ್ಕೆ ತೆಗೆಯಲು ಹೋದರೆ ಅದು ತನಗೆ ತೋಚಿದ ಕಡೆ ಹೋಗುತ್ತದೆ, ಯಾರು ಕೂಗಿದರೂ ಕೇಳುವುದಿಲ್ಲ. ಯಾರ ಹಾಗೆ ಎಂದು ಬರೆಯಬೇಕಿಲ್ಲ. ಪ್ರತಿ ವರ್ಷ ಕೆರೆದು, ಸಂದಿಗೆ ಹತ್ತಿ ತುಂಬಿ, ಬಣ್ಣ ಬಳಿದು, ಮತ್ತೆ ಕೆರೆದು. ಅಷ್ಟು ಹೊತ್ತು ನೀವು ಯಾವ ಮನುಷ್ಯರ ಮುಖವನ್ನೂ ನೋಡಿದ್ದು ನನಗೆ ನೆನಪಿಲ್ಲ.

ಅದೆಲ್ಲ ನನ್ನ ಪಾಡಾಯಿತು. ಮಗಳದ್ದು ಬೇರೆ. ಆರು ವರ್ಷಕ್ಕೇ ಅವಳ ಕೈಗೆ ಪಂಪು ಕೊಟ್ಟಿರಿ. ಎದ್ದವಳು ಹಲ್ಲುಜ್ಜುವ ಮುಂಚೆ ತಳದ ನೀರು ಎತ್ತಬೇಕು. “ಮರದ ದೋಣಿ ಅಂದಮೇಲೆ ಒಂದಿಷ್ಟು ನೀರು ಕುಡಿಯುತ್ತೆ, ಅದಕ್ಕೆಲ್ಲ ಗೋಳಾಡಬಾರದು ಮರೀ” ಎಂದು ಕಲಿಸಿದಿರಿ. ಅವಳು ಚೆನ್ನಾಗಿಯೇ ಕಲಿತಳು. ಐದನೇ ಕ್ಲಾಸಿನಲ್ಲಿ ಮೆಟ್ಟಿಲಿಂದ ಬಿದ್ದು ಕೈ ಮುರಿದಾಗ ಸಂಜೆಯವರೆಗೆ ಯಾರಿಗೂ ಹೇಳಲಿಲ್ಲ. ನಾನು ಬ್ಯಾಗು ತೆಗೆದುಕೊಳ್ಳಲು ಹೋದಾಗ ಕಿರುಚಿದಳು, ಆಗ ಗೊತ್ತಾಯಿತು.

ಈ ಸಲ ಏಪ್ರಿಲ್ ಮತ್ತು ಮೇ ಅವಳು ನಮ್ಮ ಜೊತೆ ಇರುತ್ತಾಳೆ. ಜೂನಿನಲ್ಲಿ ನಿಮ್ಮ ಜೊತೆ. ಎರಡು ದೋಣಿಯನ್ನೂ ನೋಡಲಿ, ಆಮೇಲೆ ಅವಳೇ ಹೇಳಲಿ. ಬಂದರಿನ ಕಚೇರಿಯ ವಿಳಾಸ ಹಿಂಬದಿಯಲ್ಲಿದೆ. ಅವಳಿಗೆ ಬರೆಯುವುದಿದ್ದರೆ ಬರೆಯಿರಿ.

ಮಗಳ ತಾಯಿ


ಏಪ್ರಿಲ್ ೨೪

ಅಪ್ಪಾ,

ಎರಡನ್ನೂ ಹೋಲಿಸಿ ಬರಿ ಅಂದಿದ್ದೆಯಲ್ಲ, ಬರೀತಿದ್ದೇನೆ. ಅಮ್ಮನೂ ಅದನ್ನೇ ಸುತ್ತಿ ಬಳಸಿ ಕೇಳ್ತಾಳೆ, “ಯಾವುದು ಆರಾಮ ಹೇಳು?” ಅಂತ. ಪರೀಕ್ಷೆ ಮುಗಿದ ಮೇಲೂ ನನಗೆ ಪರೀಕ್ಷೆ.

ಅಜ್ಜಿಯೊಳಗೆ ಇಳಿದರೆ ಬೀರುವಿನೊಳಗೆ ಇಳಿದ ಹಾಗೆ. ಇದರೊಳಗೆ ಇಳಿದರೆ ದೊಡ್ಡ ಅಂಗಡಿಗೆ ಹೋದ ಹಾಗೆ, ಎಲ್ಲ ಕಡೆ ಬೆಳಕು. ನನಗೇ ಒಂದು ಕೋಣೆ, ಅದಕ್ಕೆ ಬಾಗಿಲು, ಬಾಗಿಲಿಗೆ ಚಿಲಕ. ಬಿಸಿನೀರು. ಗಾಳಿ ಹಿಂದಿನಿಂದ ಬಂದರೆ ಓಡುತ್ತೆ ಅಪ್ಪಾ! ಅಜ್ಜಿ ಇಡೀ ದಿನ ಹೋಗುವ ದೂರವನ್ನು ಇದು ಊಟದ ಹೊತ್ತಿಗೆ ಮುಗಿಸುತ್ತೆ. ನೀನು ಒಪ್ಪಲ್ಲ, ಗೊತ್ತು.

ಆದರೆ ಎದುರಿಂದ ಅಲೆ ಬಂದರೆ ಇದರ ಅಗಲದ ಹೊಟ್ಟೆ ಧಡ್ ಧಡ್ ಅಂತ ನೀರಿಗೆ ಬಡಿಯುತ್ತೆ. ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಕಾಳಿನ ಹಾಗೆ ಆಗಿಬಿಡ್ತೇನೆ. ಅಜ್ಜಿ ಹಾಗಲ್ಲ, ಅಲೆ ಬಂದರೆ ಒಂದು ಸಲ ಬಾಗಿ, ಒಂದು ಸಲ ಗೊಣಗಿ, ತನ್ನ ದಾರಿ ತಾನು ಹಿಡೀತಾಳೆ. ಅವಳ ಚುಕ್ಕಾಣಿಗೆ ಹಗ್ಗ ಕಟ್ಟಿ ನಾವಿಬ್ಬರೂ ಕಾಫಿ ಕುಡೀಬಹುದು. ಇದರಲ್ಲಿ ಚಕ್ರ ಬಿಟ್ಟು ಒಂದು ಸೀನು ಸೀನಿದರೆ ಸಾಕು, ದೋಣಿ ಬೇರೆ ಊರಿಗೆ ಹೊರಟಿರುತ್ತೆ.

ಅಂಕಲ್ ಒಳ್ಳೆಯವರು. ಎಲ್ಲ ಪುಸ್ತಕ ನೋಡಿಕೊಂಡು ಮಾಡ್ತಾರೆ. ಹೋದ ವಾರ ಪುಸ್ತಕ ನೋಡುವಾಗಲೇ ನೀರೊಳಗಿನ ಬಂಡೆಗೆ ಬಡಿಸಿಬಿಟ್ಟರು. ಜೋರಾಗೇ. ಮೇಜಿನ ಮೇಲಿನ ಲೋಟವೆಲ್ಲ ಅಮ್ಮನ ಮಡಿಲಿಗೆ. ಅಂಕಲ್ ಸುತ್ತ ನೋಡಿ, “ಯಾರೂ ನೋಡಲಿಲ್ಲ ಅಲ್ವಾ?” ಅಂದರು. ಅಮ್ಮ, “ಮೀನು ನೋಡಿದವು” ಅಂದಳು. ನಕ್ಕು ನಕ್ಕು ಸಾಕಾಯಿತು. ಅಮ್ಮ ಹಾಗೆ ನಗ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಎಲ್ಲೂ ತೂತು ಕಾಣಲಿಲ್ಲ, ಮುಂದೆ ಹೊರಟೆವು.

ಆಮೇಲಿಂದ ಬೆಳಗ್ಗೆ ಎದ್ದರೆ ತಳದಲ್ಲಿ ನೀರು. ಅಡುಗೆ ಮೂಲೆಯ ನೆಲದ ಹಲಗೆ ಎತ್ತಿದರೆ ಕಾಣುತ್ತೆ. ಮೊದಲು ಸ್ಪಂಜಿನಲ್ಲಿ ಹೀರುವಷ್ಟು ಇತ್ತು, ಈಗ ಅರ್ಧ ಬಕೆಟ್ಟು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಅವರಿಬ್ಬರೂ ಏಳೋದಕ್ಕೆ ಮುಂಚೆ ಎತ್ತಿ ಚೆಲ್ಲಿಬಿಡ್ತೇನೆ. ಹೊಸ ದೋಣಿ, ಪಾಪ, ಅಂಕಲ್‌ಗೆ ಅವಮಾನ ಆಗಬಾರದು. ಫೈಬರ್ ದೋಣಿಯೂ ನೀರು ಕುಡಿಯುತ್ತಾ ಅಪ್ಪಾ? ಅವರಿಗೆ ಹೇಳಲೋ ಬೇಡವೋ? ಫೋನು ಮಾಡಿದರೆ ಎಲ್ಲರಿಗೂ ಕೇಳಿಸುತ್ತೆ, ಬೇಗ ಬರಿ. ದಿನಾ ಸುತ್ತಾಡಿ ಸಂಜೆ ಇದೇ ಬಂದರಿಗೆ ವಾಪಸ್ ಬರ್ತೇವೆ.

ನಿನ್ನ ಮರಿ


ಮೇ ೨

ಟೀಚರೇ,

ಇವತ್ತು ನನ್ನ ಬಡಗಿ ಶೆಡ್ಡಿನಲ್ಲಿ ಒಬ್ಬನೇ ಕೂತು ನಕ್ಕೆ. ಅಂಟಿನ ಡಬ್ಬಿ ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ನಗು ನಿಲ್ಲಲಿಲ್ಲ. ಮಗಳು ಕಾಗದ ಬರೆದಿದ್ದಾಳೆ. ನಿಮ್ಮ ದೋಣಿಯ ತಳದಲ್ಲಿ ದಿನಾ ಬೆಳಗ್ಗೆ ಉಪ್ಪುನೀರಂತೆ. ಅರ್ಧ ಬಕೆಟ್ಟು! ಡಾಕ್ಟರ ಮಾನ ಕಾಯಲು ನಮ್ಮ ಹುಡುಗಿ ಕದ್ದು ಎತ್ತಿ ಚೆಲ್ಲುತ್ತಿದ್ದಾಳಂತೆ. ಒಂಬತ್ತು ವರ್ಷ ಒದ್ದೆ ಒದ್ದೆ ಎಂದು ನನ್ನ ಜೀವ ಹಿಂಡಿದವಳು ಈಗ ಅದೇ ನೀರಿನ ಮೇಲೆ ಹಾಸಿಕೊಂಡು ಮಲಗಿದ್ದೀಯ, ಮೇಲೊಂದು ಚಿಲಕ ಬೇರೆ.

ಕೂತಲ್ಲೇ ಹೊಳೆಯಿತು:

ಹೊರಗೆಲ್ಲ ಹೊಳಪು, ಒಳಗೆಲ್ಲ ಉಪ್ಪು.
ಡಾಕ್ಟರ ದೋಣಿಗೂ ಬಾಯಾರಿತು, ಇದು ಯಾರ ತಪ್ಪು?

ಇದನ್ನು ಅವರಿಗೆ ಓದಿ ಹೇಳು. ನಗುವ ಮನುಷ್ಯರಲ್ಲವೇ, ನಗಲಿ. ಅಜ್ಜಿಯ ನೀರು ಬಹಿರಂಗ, ನಿಮ್ಮದು ಅಂತರಂಗ. ಹೋಲಿಕೆ ಮುಗಿಯಿತು ಎಂದು ನಾನು ತಿಳಿದಿದ್ದೇನೆ.

ಮಗಳಿಗೆ ಬೇರೆ ಬರೆಯುತ್ತೇನೆ. ಈಗ ಅಂಟು ಗಟ್ಟಿಯಾಗುತ್ತಿದೆ.

ಗೆದ್ದವನು


ಮೇ ೯

ಬಡಗಿಯವರಿಗೆ,

ನಿಮ್ಮ ಪದ್ಯ ಬಂದರಿನ ಕಚೇರಿಯಲ್ಲಿ ಸಿಕ್ಕಿತು. ಅಲ್ಲೇ ಹರಿದು ಅಲ್ಲೇ ಬುಟ್ಟಿಗೆ ಹಾಕಿದೆ. ಡಾಕ್ಟರಿಗೆ ಓದಿ ಹೇಳಲಿಲ್ಲ. ನಗುವವರಿಗೆ ನೋವಾಗುವುದಿಲ್ಲ ಎಂದು ನಿಮಗೆ ಯಾರು ಹೇಳಿದರು? ಈ ದೋಣಿಗಾಗಿ ಅವರು ಅರ್ಧ ಆಯುಸ್ಸು ರೋಗಿಗಳ ಬಾಯೊಳಗೆ ಬಗ್ಗಿ ನೋಡಿದ್ದಾರೆ.

ಸ್ನಾನದ ಕೋಣೆ ಇರುವ ದೋಣಿಯಲ್ಲಿ ತಳಕ್ಕೆ ಒಂದಿಷ್ಟು ನೀರು ಇಳಿಯುತ್ತದೆ. ನಿಮಗೆ ಸ್ನಾನದ ಕೋಣೆಯ ಅನುಭವವಿಲ್ಲ, ಹೋಗಲಿ. ಆ ನೆಲದ ಹಲಗೆಯನ್ನು ಇನ್ನು ಎತ್ತಬೇಡ, ಇದು ನಿನ್ನಪ್ಪನ ದೋಣಿಯಲ್ಲ ಎಂದು ಮಗಳಿಗೆ ಬಯ್ದೆ. “ಸರಿ” ಎಂದಳು. ಅಪ್ಪ ನನಗೇನಾದರೂ ಬರೆದಿದ್ದಾನಾ ಎಂದು ಎರಡು ಸಲ ಕೇಳಿದಳು. ಇಲ್ಲ, ನನಗೇ ಬರೆದಿದ್ದಾರೆ ಎಂದೆ.

ಮಗಳ ತಾಯಿ


ಜೂನ್ ೪

ಬಡಗಿಯವರಿಗೆ,

ಆಸ್ಪತ್ರೆಯ ಕಾರಿಡಾರಿನಿಂದ ನಿಮ್ಮನ್ನು ಒಳಗೆ ಬಿಡದೆ ಕಳಿಸಿದ್ದೇಕೆ ಎಂದು ಚೀಟಿಯಲ್ಲಿ ಕೇಳಿದ್ದೀರಿ. ಅವತ್ತು ಹೇಳುವ ತ್ರಾಣ ಇರಲಿಲ್ಲ. ಈಗ ಬರೆಯುತ್ತೇನೆ.

ಆ ಮಧ್ಯಾಹ್ನ ನಾವು ದೋಣಿಯಲ್ಲಿದ್ದೆವು, ಅಲೆ ಸ್ವಲ್ಪ ಜೋರಿತ್ತು. ಬೇರೆ ದೋಣಿಗಳೂ ಓಡಾಡುತ್ತಿದ್ದವು, ಹೆದರುವಂಥದ್ದಲ್ಲ. ಮಗಳು ಚಕ್ರ ಹಿಡಿದಿದ್ದಳು. ಕೆಳಗೆ ಯಾರೋ ಬಾಗಿಲು ಬಡಿದು ಹಾಕಿದಂತೆ ಒಂದು ಸದ್ದು. ಡಾಕ್ಟರು, “ಏನೇ ಅದು?” ಎಂದರು. ನಾನು ಉತ್ತರ ಕೊಡುವ ಮುಂಚೆ ಹಾಯಿಕಂಬ ನೀರಿನ ಮೇಲೆ ಮಲಗಿತ್ತು. ಕೀಲು ಕಳಚಿ ಹೋಗಿತ್ತು, ಅಡಿಯಲ್ಲಿ ಹಿಡಿದಿಡಲು ಏನೂ ಉಳಿದಿರಲಿಲ್ಲ. ಬಂಡೆಗೆ ಬಡಿದ ದಿನವೇ ಕೀಲಿನ ಬುಡ ಸೀಳಿತ್ತು, ದಿನದಿಂದ ದಿನಕ್ಕೆ ಬೋಲ್ಟು ಸಡಿಲವಾಗುತ್ತಿತ್ತು, ನೀರು ಬರುತ್ತಿದ್ದದ್ದು ಅಲ್ಲಿಂದಲೇ, ಅದೊಂದೇ ಸೂಚನೆ ಎಂದು ಆಮೇಲೆ ಬಂದು ನೋಡಿದವರು ಹೇಳಿದರು.

ಮಗಳ ಸೊಂಟದ ಪಟ್ಟಿಗೆ ಹಗ್ಗವಿತ್ತು. ಅದರ ಇನ್ನೊಂದು ತುದಿಯನ್ನು ಡಾಕ್ಟರು ಬಲಗೈಗೆ ಸುತ್ತಿಕೊಂಡರು. ಅಲೆ ಎಳೆದಷ್ಟೂ ಹಗ್ಗ ಬಿಗಿಯಿತು. “ಬಿಡಿ ಅಂಕಲ್, ನನಗೆ ಈಜು ಬರುತ್ತೆ” ಎಂದು ಅವಳು ಕೂಗುತ್ತಿದ್ದಳು. ಅವರು ಬಿಡಲಿಲ್ಲ. ಮೀನಿನ ದೋಣಿಯವರು ಬಂದು ನಮ್ಮನ್ನು ಎತ್ತಿಕೊಳ್ಳುವ ಹೊತ್ತಿಗೆ ಕೈ ಕಪ್ಪಾಗಿತ್ತು. ತೋರುಬೆರಳು, ಮಧ್ಯದ ಬೆರಳು ಎರಡನ್ನೂ ತೆಗೆಯಬೇಕಾಯಿತು. ಹಲ್ಲು ಡಾಕ್ಟರಿಗೆ ಇರುವ ಆಸ್ತಿಯೇ ಅದು.

ನಿಮಗೆ ಎಲ್ಲ ತಿಳಿದಿತ್ತು, ಮಗಳೇ ಬರೆದಿದ್ದಳು. ಬಂಡೆಗೆ ಬಡಿದದ್ದು, ನೀರು ದಿನಾ ಹೆಚ್ಚುತ್ತಿದ್ದದ್ದು, ಅದು ಉಪ್ಪಾಗಿದ್ದದ್ದು. ಯಾವ ದೋಣಿಯ ಅಡಿಯಲ್ಲಿ ಏನು ಬಿಗಿದಿರುತ್ತಾರೆ ಎಂದು ನನಗೆ ಪಾಠ ಹೇಳಿದವರೇ ನೀವು. ಆದರೂ ನಿಮಗೆ ಅಪಾಯ ಹೊಳೆಯಲಿಲ್ಲ, ಪ್ರಾಸ ಹೊಳೆಯಿತು.

ನಾನು ಅದನ್ನು ಹರಿದು ಹಾಕಿದೆ. ಅದು ನನ್ನ ಪಾಲು, ನಾನು ಹೊರುತ್ತೇನೆ. ಅದಕ್ಕೆ ನಿಮ್ಮ ಸಹಾಯ ಬೇಡ.

ಮಗಳ ತಾಯಿ


ಜೂನ್ ೧೧

ಟೀಚರೇ,

ಹೇಳಿದ್ದೆ. ಉಪ್ಪುನೀರು ಎಂದು ಬರೆದಿದ್ದೆ. ಅರ್ಧ ಬಕೆಟ್ಟು ಎಂದು ಬರೆದಿದ್ದೆ. ಡಾಕ್ಟರಿಗೆ ಓದಿ ಹೇಳು ಎಂದೂ ಬರೆದಿದ್ದೆ. ಇನ್ನೇನು ಬೋರ್ಡು ಬರೆಸಿ ಕಳಿಸಬೇಕಿತ್ತೆ? ಸ್ನಾನದ ನೀರು ಉಪ್ಪಾಗಿರುವುದಿಲ್ಲ. ಸಮುದ್ರದ್ದು ಉಪ್ಪು. ಭೂಗೋಳ ಕಲಿಸುವವರಿಗೆ ಇದನ್ನು ಬಡಗಿ ಹೇಳಿಕೊಡಬೇಕಾಯಿತು.

ಡಾಕ್ಟರ ಕೈಗೆ ಹಾಗಾದದ್ದು ಕೇಳಿ ಸಂಕಟವಾಯಿತು. ನಾನೂ ಕೈ ನಂಬಿ ಉಣ್ಣುವವನು, ನನಗೆ ಗೊತ್ತಾಗುತ್ತದೆ. ಆದರೆ ಬಂಡೆಗೆ ಬಡಿಸಿದ್ದು ನಾನಲ್ಲ, ಆ ದೋಣಿಯನ್ನು ಕೊಂಡದ್ದು ನಾನಲ್ಲ. ಮೂವತ್ತು ವರ್ಷದಿಂದ ಬೆಳಗ್ಗೆ ಎದ್ದು ತಳದ ನೀರು ಎತ್ತಿದ್ದೇನೆ. ನೀರು ಕಂಡರೆ ಹೆದರಬೇಕೆಂಬ ಬುದ್ಧಿ ನನ್ನಲ್ಲಿ ಸವೆದುಹೋಗಿದೆ. ಇದನ್ನು ತಪ್ಪು ಅನ್ನುವುದಾದರೆ ಅನ್ನು, ಕೇಳಿಸಿಕೊಳ್ಳುತ್ತೇನೆ.

ಜೂನ್ ನನ್ನದು. ಹುಡುಗಿಯನ್ನು ಕಳಿಸು. ಅಜ್ಜಿಯ ಮೇಲೆ ಅವಳಿಗೆ ಏನೂ ಆಗುವುದಿಲ್ಲ.

ಅವಳ ಅಪ್ಪ


ಜುಲೈ ೨೦

ಅಪ್ಪಾ,

ಜೂನಿನಲ್ಲಿ ನನ್ನನ್ನು ತಡೆದದ್ದು ಅಮ್ಮ ಅಲ್ಲ. ಹೋಗ್ತೀಯಾ ಅಂತ ಕೇಳಿದಳು. ನಾನೇ ಬೇಡ ಅಂದೆ.

ಅಂಕಲ್ ಈಗ ಊಟದ ಮೇಜಿನ ಮೇಲೆ ಒಂದು ಬಟ್ಟಲು ಬಟಾಣಿ ಇಟ್ಟುಕೊಂಡು, ಎಡಗೈಲಿ ಚಿಮಟ ಹಿಡಿದು, ಒಂದೊಂದೇ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕ್ತಾರೆ. ನಡುವೆ ಬಿದ್ದರೆ ನನ್ನ ಕಡೆ ನೋಡಿ, “ರೋಗಿ ಓಡಿಹೋದ” ಅಂತಾರೆ. ನಾನು ನಗಬೇಕು ಅಂತ ಹೇಳೋದು, ಅದಕ್ಕೇ ನಗ್ತೇನೆ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಈಗ ಬೇರೆ ಡಾಕ್ಟರು.

ಇಲ್ಲಿ ಎಲ್ಲರೂ ಅವರವರದ್ದು ಹೇಳಿಕೊಂಡರು. ಬಂಡೆಗೆ ಬಡಿಸಿದ ಮೇಲೆ ದೋಣಿ ಎತ್ತಿಸಿ ನೋಡಲಿಲ್ಲ, ನಂದೇ ತಪ್ಪು ಅಂದರು ಅಂಕಲ್. ಕಾಗದ ಹರಿದೆ, ನಿನಗೆ ಬಯ್ದೆ ಅಂತ ಅಮ್ಮ ಅತ್ತಳು. ಯಾರಿಗೂ ಹೇಳದೆ ನೀರು ಎತ್ತಿ ಚೆಲ್ಲಿದ್ದು ನಾನು, ನಾನೂ ಹೇಳಿದೆ. “ನೀನು ಒಳ್ಳೆಯ ಮನಸ್ಸಿನಿಂದ ಮಾಡಿದೆ ಪುಟ್ಟೀ” ಅಂದರು ಅಂಕಲ್. ಅದನ್ನು ಕೇಳಿ ಇನ್ನೂ ಬೇಜಾರಾಯಿತು.

ಅಮ್ಮ ನಿನ್ನ ಮೇಲೆ ಹೊರಿಸೋದು ನನಗೆ ಇಷ್ಟ ಇಲ್ಲ. ನೀರು ನೋಡಿ ನೀನು ಹೆದರಲ್ಲ ಅಂತ ನನಗೂ ಗೊತ್ತು, ನಾನೂ ಹೆದರಲಿಲ್ಲ. ಆದರೆ ನಾನು ನಿನಗೊಂದು ಪ್ರಶ್ನೆ ಕೇಳಿದ್ದೆ ಅಪ್ಪಾ. ಹೇಳಲೋ ಬೇಡವೋ ಅಂತ. ನೀನು ಉತ್ತರವನ್ನು ಅಮ್ಮನಿಗೆ ಬರೆದೆ. ಅದೂ ಉತ್ತರವಲ್ಲ. ದಿನಾ ಸಂಜೆ ಬಂದರಿನ ಕಚೇರಿಯ ಕಿಟಕಿಗೆ ಹೋಗಿ ನನಗೆ ಕಾಗದ ಬಂತಾ ಅಂತ ಕೇಳ್ತಿದ್ದೆ. ಅಲ್ಲಿನ ಗುಮಾಸ್ತೆ ನನ್ನ ಮುಖ ಕಂಡ ಕೂಡಲೇ ತಲೆ ಅಲ್ಲಾಡಿಸಿಬಿಡ್ತಿದ್ದಳು.

ಆಗಸ್ಟ್ ಹತ್ತಕ್ಕೆ ಯಾರ ಮನೆ ಅಂತ ವಕೀಲರಿಗೆ ಹೇಳಬೇಕು. ನನಗೆ ನಿನ್ನ ಜೊತೆ ಇರೋದಕ್ಕೆ ಇಷ್ಟ ಇದೆ. ನಿಜವಾಗಿ ಇದೆ. ಅವತ್ತು ನನಗೆ ಬರೆಯಬೇಕಾಗಿದ್ದ ಕಾಗದವನ್ನು ಈಗ ಬರೆದು ಕಳಿಸು. ನನ್ನ ಕಾಗದ ಈಗಷ್ಟೇ ಬಂದಿದೆ, ನಾವಿನ್ನೂ ನೀರಿನ ಮೇಲಿದ್ದೇವೆ ಅಂದುಕೊಂಡು ಬರಿ. ಅಷ್ಟು ಸಾಕು ನನಗೆ.

ಮರಿ


ಏಪ್ರಿಲ್ ೨೮
(ಬರೆದದ್ದು ಜುಲೈ ೨೯)

ಮರೀ,

ದೋಣಿಯನ್ನು ಈಗಲೇ ನಿಲ್ಲಿಸಲು ಡಾಕ್ಟರಿಗೆ ಹೇಳು. ಕ್ರೇನು ಹಾಕಿ ಮೇಲೆತ್ತಿಸಿ, ಕೀಲಿನ ಬೋಲ್ಟು ನೋಡಿಸುವವರೆಗೆ ಯಾರೂ ಹತ್ತಬೇಡಿ. ನೀನು ದಡಕ್ಕೆ ಇಳಿ, ಅಮ್ಮನ ಕೈ ಹಿಡಿದು ಇಳಿಸು.

ನಮ್ಮ ಅಜ್ಜಿಯಾಗಿದ್ದರೆ ಇಷ್ಟು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡ. ಅವಳು ಬಂಡೆಗೆ ಬಡಿದರೆ ಬಂಡೆಯೇ ಕ್ಷಮೆ ಕೇಳುತ್ತದೆ. ಅಚ್ಚಿನಲ್ಲಿ ಹೊಯ್ದ ದೋಣಿಗಳ ಹಣೆಬರಹ ಇದೇ. ವೇಗಕ್ಕೆ ಆಸೆಪಟ್ಟು ಆಧಾರವನ್ನು ಸಣ್ಣದು ಮಾಡಿದರು. ಮನೆ ಬದಲಾಯಿಸಿದರೂ ಹಾಗೇ, ಬೆಳಕು ಜಾಸ್ತಿ ಬರುತ್ತದೆಂದು ಹೋದವರು ಗೋಡೆ ಎಷ್ಟು ದಪ್ಪ ಎಂದು ನೋಡುವುದಿಲ್ಲ. ನಿನ್ನಮ್ಮನಿಗೆ ಇದನ್ನು ಮೊದಲೇ ಹೇಳಿದ್ದೆ, ಕೇಳಲಿಲ್ಲ. ಪುಸ್ತಕ ನೋಡಿ ದೋಣಿ ನಡೆಸುವವರ ಕೈಗೆ ನಿನ್ನನ್ನು ಕೊಟ್ಟಳು. ಎದುರಿಗೆ ಬಂಡೆ, ಕೈಯಲ್ಲಿ ಹಾಳೆ, ಇನ್ನು ದೋಣಿಯ ಪಾಡು ಕೇಳೇ!

ಓದಿ ನೋಡಿದೆ. ನೀನು ಕೇಳಿದ ಹಾಗೆಯೇ ಬಂದಿದೆ ಅನ್ನಿಸುತ್ತದೆ. ಅವತ್ತೇ ಬರೆಯದಿದ್ದದ್ದಕ್ಕೆ ನನಗೂ ಹೊಟ್ಟೆ ಉರಿಯುತ್ತದೆ ಮರೀ. ನಿನ್ನ ಮಂಚಕ್ಕೆ ಹೊಸ ಹಲಗೆ ಹಾಕಿದ್ದೇನೆ, ಮೊದಲಿಗಿಂತ ಒಂದು ಗೇಣು ಉದ್ದ, ನೀನು ಬೆಳೆದಿದ್ದೀಯಲ್ಲ. ಅದಕ್ಕೊಂದು ಬಾಗಿಲನ್ನೂ ಮಾಡುತ್ತಿದ್ದೇನೆ. ಯಾವ ಬಸ್ಸಿಗೆ ಬರುತ್ತೀ ಬರೆ, ನಿಲ್ದಾಣಕ್ಕೆ ಬರುತ್ತೇನೆ.

ನಿನ್ನ ಅಪ್ಪ


ಆಗಸ್ಟ್ ೧೧

ಅಪ್ಪಾ,

ಮೊದಲ ಮೂರು ವಾಕ್ಯ ಓದಿ ಎದ್ದು ಹೋಗಿ ಬ್ಯಾಗು ತೆಗೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬಟ್ಟೆ ಮಡಿಸಿಡುತ್ತಾ ಉಳಿದದ್ದನ್ನು ಓದಿದೆ. ಆಮೇಲೆ ಬಟ್ಟೆಯೆಲ್ಲ ತೆಗೆದು ಮತ್ತೆ ಕಪಾಟಿಗೆ ಇಟ್ಟೆ.

ನಿನ್ನೆ ವಕೀಲರಿಗೆ ಹೇಳಿದ್ದಾಯಿತು. ಇಲ್ಲೇ ಇರ್ತೇನೆ.

ಬಾಗಿಲು ಮಾಡಬೇಡ, ಮರ ದಂಡ. ಆ ಮೂರು ವಾಕ್ಯ ಬರೆದವನು ಅಲ್ಲಿಗೇ ಪೆನ್ನು ಕೆಳಗಿಟ್ಟಿದ್ದರೆ ಅವನ ಜೊತೆ ಎಷ್ಟು ಒದ್ದೆಯಲ್ಲಾದರೂ ಇರುತ್ತಿದ್ದೆ. ನಾಲ್ಕನೆಯದನ್ನು ಬರೆದವನ ಜೊತೆ ಒಂದೇ ದೋಣಿಯಲ್ಲಿರಲು ನನಗೆ ಭಯ.

ಮಗಳು